ಬಿಡಿ ಗುಳಿಗೆ

ಗಂಗಾವತಿಯ ಮಿಲ್ಲುಗಳ ಸಾಲು ಮುಗಿದು
ಕಾರಟಗಿ ರಸ್ತೆ ಶುರುವಾಗುವಲ್ಲಿ ನಮ್ಮ ಅಂಗಡಿ.
ಇಲ್ಲಿ ತಕ್ಕಡಿಗಿಂತ, ಪೆನ್ನಿಗಿಂತ ಸವೆದದ್ದು ಕತ್ತರಿ.
ಇಡೀ ಶೀಟು ಕೊಳ್ಳುವವರು ಕಡಿಮೆ:
ಎರಡು, ಮೂರು,
ಬಟವಾಡೆಯ ದಿನವಾದರೆ ಐದು.

ಹುಲಿಗೆಮ್ಮ ಬರುವುದು ಏಳೂವರೆಗೆ,
ಪಾಳಿ ಬಿಟ್ಟ ಮೇಲೆ, ರೆಪ್ಪೆಯ ತುಂಬ ಪಾಲಿಶಿನ ಧೂಳು.
ನೋಡಿದರೆ ಐವತ್ತು; ಕೊಡವಿದರೆ ಮೂವತ್ತೆರಡು.
ತುಟಿಯ ಎರಡೂ ಅಂಚು ಸೀಳಿ
ನಕ್ಕರೆ ರಕ್ತ.
ಅದಕ್ಕೇ ಕೈ ಅಡ್ಡ ಹಿಡಿದು ನಗುತ್ತಾಳೆ,
ನಾಚಿಕೆಯೆಂದೇ ನಾನು ಬಹಳ ದಿನ ತಿಳಿದಿದ್ದೆ.

‘ರಾತ್ರಿ ಅಂಗಾಲು ಉರೀತಾವ್ರಿ.
ಬಕೀಟಿನಾಗ ಇಟ್ಕಂಡ್ ಕುಂದ್ರತೀನಿ.
ದವಾಖಾನ್ಯಾಗ ಚೀಟಿ ಬರದಾರ, ನೋಡ್ರಿ.’

ಚೀಟಿಯಲ್ಲಿ: ದಿನಕ್ಕೊಂದು, ಊಟದ ನಂತರ, ಮೂವತ್ತು ದಿನ.
ಅವಳ ಲೆಕ್ಕದಲ್ಲಿ: ‘ಒಂದಾ ಕೊಡ್ರಿ. ನಾಳಿದು ನಾಳಿ.’

ಶೀಟಿನ ತುದಿಯಿಂದ ಕತ್ತರಿಸುತ್ತ ಬಂದರೆ
ಹೆಸರು, ತಾರೀಖು ಇರುವ ತುಂಡು
ಕೊನೆಯವರೆಗೂ ಅಂಗಡಿಯಲ್ಲೇ ಉಳಿಯುತ್ತದೆ.
ಅವಳಿಗೆ ಸಿಗುವುದು ಬೆಳ್ಳಿಬೆನ್ನಿನ ಒಂದು ಗುಬ್ಬಿ,
ಒಳಗೆ ಕೆಂಪು. ಇಷ್ಟೇ.
ಅದರ ಹೆಸರು ಅವಳು ಕೇಳಲಿಲ್ಲ.
ಮನೆಯಲ್ಲಿ ಮಕ್ಕಳು ಇಟ್ಟಾಗಿತ್ತು:
ಅವ್ವನ ಪೆಪ್ಪರಮೆಂಟು.

ನಾಲ್ಕನೆಯ ದಿನ ಬೆಳಿಗ್ಗೆಯೇ ಬಂದಳು.
ಗಿರಾಕಿಗಳು ಕರಗುವ ತನಕ
ಕಂಠೆಪ್ಪನ ಚಾದಂಗಡಿಯ ಕಡೆ ಮುಖ ಮಾಡಿ ನಿಂತಳು.
ಆಮೇಲೆ, ಗಾಜಿನ ಕಪಾಟಿಗೆ ಹೇಳುವ ಹಾಗೆ:
‘ಒಂದಕ್ಕ ಹೋದ್ರ ಅರಿಶಿಣ ಆಗೇತ್ರಿ.
ಕಾಮಾಣಿ ಏನ್ರಿ?’

ಅಲ್ಲ ಎಂದೆ. ಗುಳಿಗೆಯ ಬಣ್ಣ ಅದು.
ಮೈ ತನಗೆ ಬೇಕಾದಷ್ಟು ಇಟ್ಟುಕೊಂಡು
ಮಿಕ್ಕದ್ದನ್ನು ಹೊರಗೆ ಬಿಡುತ್ತದೆ.

ಮಿಕ್ಕದ್ದು?
ಕೈ ಅಡ್ಡ ಹಿಡಿಯುವುದನ್ನು ಮರೆತು ನಕ್ಕಳು.
‘ಅಂತೂ ನನ್ನ ಮೈಯಾಗ
ಮಿಗೂವಷ್ಟು ಬಂತಲ್ರಿ, ಯಾವದರ ಒಂದು!’

ಆ ನಗೆಯ ಸಲುಗೆಯಲ್ಲಿ ಬೇಡದ ಮಾತೊಂದು ಆಡಿಬಿಟ್ಟೆ:
ಈ ಗುಳಿಗೆಯೊಳಗಿನದು ಅರ್ಧಕ್ಕರ್ಧ ನಿನ್ನ ಮಿಲ್ಲಿನಲ್ಲೇ ಇದೆ,
ತೌಡಿನಲ್ಲಿ;
ಅಕ್ಕಿಯನ್ನು ಮಲ್ಲಿಗೆ ಮಾಡುವಾಗ ಉದುರುವ ಕಂದು ಪುಡಿಯಲ್ಲಿ.

ಆ ಚೀಲಗಳ ಬಾಯಿ ಹೊಲಿಯುವುದೇ ಅವಳ ಕೆಲಸ.
ದಿನಕ್ಕೆ ಇನ್ನೂರು.
ಲಾರಿ ಎಣ್ಣೆ ಕಾರ್ಖಾನೆಗೆ ಹೋಗುತ್ತದೆ, ಹೈನದ ದನಗಳಿಗೆ ಹೋಗುತ್ತದೆ.
ಅವಳೇನೂ ಅನ್ನಲಿಲ್ಲ. ಚಿಲ್ಲರೆ ಎಣಿಸಿ ಇಟ್ಟಳು.

ನನ್ನದೂ ಹೇಳಬೇಕಲ್ಲ.
ನಾನು ಉಣ್ಣುವುದೂ ಅದೇ ಬಿಳಿ ಸೋನಾ.
ಅವ್ವ ಇದ್ದಾಗ ಸಜ್ಜಿರೊಟ್ಟಿ, ಪುಂಡಿಪಲ್ಯ;
ಈಗ ತಟ್ಟುವವರಿಲ್ಲ ಎನ್ನುತ್ತೇನೆ,
ನನಗೂ ಎರಡು ಕೈ ಇದ್ದಾವೆಂಬುದು ಆ ಹೊತ್ತಿಗೆ ಮರೆತಿರುತ್ತದೆ.
ಮಲಗುವ ಮುಂಚೆ ಒಂದು ಕೆಂಪು ಗುಳಿಗೆ,
ಬಹುತೇಕ ತಾರೀಖಿರುವ ತುಂಡಿನದು.

ತಿಂಗಳು ತುಂಬುವ ಹೊತ್ತಿಗೆ ತುಟಿಯ ಅಂಚು ಕೂಡಿತ್ತು.
ಉರಿಯೂ ಅರ್ಧ ಹೋಗಿದೆ ಎಂದಳು,
‘ಎಡಗಾಲಿಂದು.’
ಔಷಧ ಸುಳ್ಳಲ್ಲ. ಅದನ್ನಿಲ್ಲಿ ಬರೆದಿಡುತ್ತೇನೆ,
ಮಾರುವವನ ಮಾತು, ಅರ್ಧ ನಂಬಿದರೆ ಸಾಕು.

ಮೂವತ್ತನೆಯ ದಿನ ಅವಳು ರೊಕ್ಕ ತೆಗೆಯಲಿಲ್ಲ.
ಸೆರಗಿನ ಗಂಟು ಬಿಚ್ಚಿ ಗಾಜಿನ ಮೇಲೆ ಸುರಿದಳು
ಒಂದು ಬೊಗಸೆ ತೌಡು,
ಇನ್ನೂ ಮಿಷನ್ನಿನ ಬಿಸಿ, ಸೊಂಟದ ಬಿಸಿ.
‘ಇದರಾಗ ಐತಿ ಅಂದ್ರೆಲ್ಲ.
ಇದಕ್ಕ ಎಷ್ಟು ಗುಳಿಗಿ ಬರ್ತಾವ, ಲೆಕ್ಕಾ ಮಾಡ್ರಿ.’

ಫಾರ್ಮಸಿಯ ಎರಡು ವರ್ಷದಲ್ಲಿ ಈ ಲೆಕ್ಕ
ಯಾರೂ ಹೇಳಿಕೊಟ್ಟಿರಲಿಲ್ಲ.
ಕತ್ತರಿ ಹುಡುಕಿದೆ. ಕೈಯಲ್ಲೇ ಇತ್ತು.
ಶೀಟಿನಲ್ಲಿ ಉಳಿದದ್ದು ಹೆಸರಿನ ತುಂಡು ಮಾತ್ರ;
ಅದನ್ನೇ ಕೊಟ್ಟೆ.
ಬೆಳಕಿಗೆ ಹಿಡಿದು, ಓದಲು ಬಾರದಿದ್ದರೂ,
ಸ್ವಲ್ಪ ಹೊತ್ತು ನೋಡಿದಳು.

ಅವಳು ಹೋದ ಮೇಲೆ ಒರೆಸಲು ಬಟ್ಟೆ ಎತ್ತಿಕೊಂಡವನು
ಒರೆಸಲಿಲ್ಲ.
ಬೆಳಿಗ್ಗೆ ಷಟರ್ ಎತ್ತಿದರೆ
ಟಾನಿಕ್ಕುಗಳ ಕಪಾಟನ್ನು ಬಳಸಿ,
ಒಂದು ಡಬ್ಬಿಯನ್ನೂ ಮೂಸದೆ,
ಇರುವೆಗಳ ಸಾಲು
ನೇರ ತೌಡಿಗೆ ಬಂದಿತ್ತು.