ಕಣ್ಣಿಲ್ಲದ ನವಿಲು

ಅರ್ಧ ಮುಖಕ್ಕ ಕರೀ ಮುಸುಕಿತ್ತು,
ಹೆಸರು ಬ್ಯಾರೆ ಇತ್ತು,
ಎಡಗೈ ಹಚ್ಚಿಗೂ ಪೌಡರ್ ಬಳಿದಿದ್ದೆ.
ಬೆನ್ನ ಹಿಂದ ಗ್ವಾಡಿಗೆ ತೂಗಬಿಟ್ಟ ಚಾದರ
ಅದೊಂದು ಮರೆತಿದ್ದೆ.

ಅಪ್ಪ ನೇಯ್ದದ್ದು ಅದು,
ಸೊಲ್ಲಾಪುರದ ಸಾಖರ ಪೇಟದಾಗ, ರಾತ್ರಿ ಪಾಳಿಯೊಳಗ.
ಎಳಿ ಹರಿದು ನವಿಲಿಗೆ ಕಣ್ಣು ಬೀಳಲಿಲ್ಲ.
ಖರಾಬ್ ಮಾಲು, ನೀನೇ ಒಯ್ಯಿ,
ಪಗಾರದಾಗ ಮುರಕೋತೀನಿ ಅಂದನಂತ ಶೇಟ್.
ಮೂರು ಚಾದರ. ಒಂದು ನಮಗ.
ಒಂದು ಅಪ್ಪನ ಜೋಡಿ ಮಣ್ಣಿಗೆ ಹೋತು.
ಇನ್ನೊಂದು ಎದುರು ಮನಿ ಕಳಾವತಿ ಮೌಶಿಗೆ,
ನಾಗನಾಥ ಹುಟ್ಟಿದಾಗ.

ನಾಗನಾಥಗ ಈಗ ಇಪ್ಪತ್ತೆರಡು.
ಸಣ್ಣವಿದ್ದಾಗಿಂದ ಅದನ್ನ ಹೊದ್ದು ಮಲಗಿದವ.
ಗುರುತು ಹಿಡಿದ.

ಕಿರಾಣಿ ಅಂಗಡಿ ಬಾಬುರಾವ ಈಗ
ಚಿಲ್ಲರೆ ಕೈಯಾಗ ಕೊಡೂದಿಲ್ಲ, ಕಟ್ಟಿ ಮ್ಯಾಲ ಇಡತಾನ.
ಫೋನಿನಿಂದ ಹಾಕಿದರ ನಡೀತದ ಅವಗ.
ಸಂಕ್ರಾಂತಿ ಅರಿಷಿಣ ಕುಂಕುಮಕ್ಕ ಕರಿಯಾಕ ಬಂದ ಹುಡುಗಿ
ನಮ್ಮ ಹೊಸ್ತಿಲು ದಾಟಿ ಮುಂದಿನ ಮನಿಗೆ ಹೋತು.
ಕುಸುರೆಳ್ಳು ತಿಂದು ಛಲೋ ಮಾತಾಡಬೇಕಂತ.
ಮಾತಾಡಿದರು, ರಾತ್ರಿ ಒಂಬತ್ತರತನಾ.

ಹೆಂಗ ಮನಸಾತವಾ ನಿನಗ? ಎಲ್ಲಾರೂ ನನಗ ಕೇಳ್ತಾರ.
ನಡುರಾತ್ರಿ ಅಲ್ಲಿ ನಿನಗೇನು ಕೆಲಸಿತ್ತೋ ತಮ್ಮಾ,
ಯಾರೂ ಅವಗ ಕೇಳಲಿಲ್ಲ.

ಮಂದಿ ತಿಳಕೊಂಡಂಗ ಇಲ್ಲ ಅದು.
ಬಾಳೊತ್ತು ಬರೇ ಕುಂತು ಕಾಯೂದು,
ದುಂಡು ದೀಪದ ಬೆಳಕಿಗೆ ಕಣ್ಣು ಉರಿಯೂದು,
ಕಾಲು ಜೋಮು ಹಿಡಿಯೂದು.
ಒಬ್ಬ ಮುದುಕ, ಯಾವ ದೇಶದವನೋ,
ನನ್ನ ಬಿಟ್ಟು ಆ ನವಿಲು ನೋಡಿ ಕೇಳಿದ,
ಇದು ಯಾವೂರಿಂದು?
ಎಲ್ಲಾ ಹೇಳತೀನಿ ನಾ, ಸುಳ್ಳೋ ಖರೆಯೋ.
ಊರಿನ ಹೆಸರೊಂದು ಬಾಯಿಗೆ ಬರಲಿಲ್ಲ.

ಅವ್ವಗ ಗೊತ್ತಾದ ದಿವಸ
ಅವ್ವ ಬೀಡಿ ಕಟ್ಟೂದು ನಿಲ್ಲಿಸಲಿಲ್ಲ.
ಮೊರದಾಗ ಎಲಿ, ತಂಬಾಕು. ಸಾವಿರ ಮುಗಿಯೂತನಾ ಮಾತಿಲ್ಲ.
ಆಮ್ಯಾಲ ಅಂದಳು:
"ನಲವತ್ತು ವರ್ಷ ಕಟ್ಟೀನಿ.
ಸೇದಿದವರು ಎಷ್ಟು ಮಂದಿನೋ.
ಕೈ ನಾರತಾವ ಅಂತ ಮೂಗು ಮುಚ್ಚಿಕೊಂಡವರೂ ಅವರೇ.
ಏಳು, ಉಣ್ಣು."
ಕ್ಷಮಾ ಮಾಡಿದಳೋ ಇಲ್ಲೋ, ನಾ ಕೇಳಿಲ್ಲ.
ರಾತ್ರಿ ಕದ ಹಾಕ್ಕೊಂಡ ಮ್ಯಾಲ
ಹೊರಗ ಅಕಿ ಕೆಮ್ಮು ಕೇಳತದ.

ಮೊನ್ನೆ ಚಾದರ ಇಳಿಸಿದೆ, ಸುಟ್ಟು ಬಿಡತೀನಿ ಅಂದೆ.
ಕಸಕೊಂಡಳು.
ಬೀಡಿ ಕಟ್ಟೂ ಕೆಂಪು ದಾರ ಸೂಜಿಗೆ ಏರಿಸಿ
ನವಿಲಿಗೆ ಕಣ್ಣು ಹೊಲಿದಳು. ಸೊಟ್ಟ ಆಗೇದ,
ಸಿಟ್ಟಿನಾಗ ನೋಡಿದಂಗ ಕಾಣತದ.
"ಹಿಡೀಲಿ ಗುರುತು."

ಇವತ್ತು ಒಗದು ಮಾಳಿಗಿ ಮ್ಯಾಲ ಹಾಕೀನಿ, ಓಣಿ ಕಡೆ ಮುಖ ಮಾಡಿ.
ಎದುರು ಮಾಳಿಗಿ ಹಗ್ಗಕ್ಕ ಮೌಶಿಯ ಚಾದರ.
ನಡುವ ನೀರಿನ ಟ್ಯಾಂಕರ್, ಕೊಡ, ಜಗಳ.
ನಾಗನಾಥ ಬನಿಯನ್ ಮ್ಯಾಲ ಬಂದ, ಹಲ್ಲು ತಿಕ್ಕೋತ,
ಇತ್ತ ನೋಡಿದ. ನಿಂತ.
ಆಮ್ಯಾಲ ತಮ್ಮ ನವಿಲನ್ನ ಒಳಮಗ್ಗಲು ಮಾಡಿ ಮಡಚಿ
ಬಗಲಾಗ ಹಿಡಕೊಂಡು ಗಡಬಡಿಸಿ ಇಳಿದ.

ಇನ್ನೂ ಹಸೀನೇ ಇತ್ತು ಅದು.
ಮೆಟ್ಟಿಲ ತುಂಬ ನೀರು.