ಮೆಷಿನ್ನಿಗೆ ರಜ

ಆಯುಧಪೂಜೆಯ ಕುಂಕುಮ ಇನ್ನೂ ಒರೆಸಿರಲಿಲ್ಲ
ಮೆಷಿನ್ನಿನ ಹಣೆಯಿಂದ.
ವಿಜಯದಶಮಿ ಕಳೆದು ಮೂರು ದಿನ, ತುಳಿಯಬೇಕಿತ್ತು.
ಹದಿನೇಳು ರವಿಕೆ ಕಾದು ಕೂತಿದ್ದವು,
ಎಲ್ಲಾ ದೀಪಾವಳಿಗೆ ಬೇಕೇಬೇಕು ಅಂದವರದು.
ಇನ್ನೊಂದು ದಿನ ಮಲಗಲಿ ಪಾಪ, ಅಂತ
ಹಳೇ ಲಂಗ ಹೊದಿಸಿ, ಬಾಗಿಲಿಗೆ ಬೀಗ ಜಡಿದು
ಮಾಲೂರಿನಲ್ಲಿ ರೈಲು ಹತ್ತಿದೆವು, ನಾನು, ಜಬೀನಾ.

ಬೆಂಗಳೂರಲ್ಲೇನು ಕೆಲಸ? ಕೇಳಿದಳು
ಎದುರು ಕೂತ ಚೆಂಡುಹೂವಿನ ಮೂಟೆಯವಳು.
ಏನೂ ಇಲ್ಲ, ಅಂದೆ.
ಆಸ್ಪತ್ರೆಗಾ? ಅಲ್ಲ. ಮದುವೆ ಜವಳಿಗಾ? ಅಲ್ಲ.
ಮೂಟೆಗೆ ಒರಗಿ ನೋಡಿದಳು ನಮ್ಮನ್ನು
ಮನೆ ಬಿಟ್ಟು ಓಡಿಹೋಗುತ್ತಿರುವವರ ಹಾಗೆ.

ಕಂಟೋನ್ಮೆಂಟಿನಲ್ಲಿ ಇಳಿದರೆ ಬಿಸಿಲು
ಒಗೆದು, ನೀಲಿ ಅದ್ದಿ, ಹರವಿದಂತಿತ್ತು.
ಫುಟ್‌ಪಾತಿನ ತುಂಬ ಆಕಾಶಮಲ್ಲಿಗೆ,
ಉದ್ದ ಕುತ್ತಿಗೆಯ ಹೂ, ಯಾರೂ ಗುಡಿಸಿರಲಿಲ್ಲ.
ತುಳಿಯದೆ ನಡೆಯಲು ಹೋಗಿ
ಇಬ್ಬರೂ ಕುಂಟಾಬಿಲ್ಲೆ ಆಡಿದ ಹಾಗಾಯಿತು,
ನಲವತ್ತೆಂಟು ವರ್ಷಕ್ಕೆ, ಸೀರೆ ಎತ್ತಿ ಹಿಡಿದು.

ಒಂದು ಹಳೇ ಬಂಗಲೆ. ಗೇಟಿಗೆ ಬೋರ್ಡು:
ಚಿತ್ರಕಲಾ ಪ್ರದರ್ಶನ, ಪ್ರವೇಶ ಉಚಿತ.
ಉಚಿತ ಅಂದರೆ ನಮಗೂನಾ, ಅಂದಳು ಜಬೀನಾ.
ಚಪ್ಪಲಿ ಬಿಡಲು ಹೋದೆ, ಬೇಡ ಅಂದರು.

ಮೊದಲ ಚಿತ್ರದಲ್ಲಿ ಕನ್ನಡಿ ಹಿಡಿದ ಹೆಂಗಸು.
ಕಣ್ಣು ಚೆನ್ನಾಗಿದೆ. ಕಂಕುಳು ತಪ್ಪು.
ಕೈ ಎತ್ತಿದರೆ ಅಲ್ಲಿ ಎಳೆಯುತ್ತೆ ಬಟ್ಟೆ,
ಎರಡು ನೆರಿಗೆ ಬೀಳಲೇಬೇಕು.
ಬರೆದವನು ಯಾವತ್ತೂ ಅಳತೆ ತಗೊಂಡವನಲ್ಲ.

ಒಳಕೋಣೆಯಲ್ಲಿ, ಗೋಡೆಯುದ್ದಕ್ಕೂ, ಬರೀ ನೀಲಿ.
ಮರವಿಲ್ಲ, ಮನುಷ್ಯರಿಲ್ಲ, ದೇವರೂ ಇಲ್ಲ.
ಮೂಲೆಯಲ್ಲಿ ಬಿಳಿಯದೊಂದು ಗೆರೆ,
ಸೀಮೆಸುಣ್ಣದಲ್ಲಿ ಗುರುತು ಹಾಕಿ
ಕತ್ತರಿ ಹುಡುಕಲು ಎದ್ದುಹೋದ ಹಾಗೆ.
ಎಷ್ಟು ಹೊತ್ತು ನಿಂತೆನೋ. ಕೈ ತಾನೇ ಮುಂದಾಯಿತು.

ಮುಟ್ಟಬ್ಯಾಡ್ರಿ ಅಕ್ಕಾ, ಅಂದ ಕಾವಲಿನವನು.
ಸೇಡಂ ಕಡೆಯವನಂತೆ, ಹೆಸರು ಭೀಮಶಾ.
ಎದೆಯ ಮೇಲೆ ಒಂದು ಗುಂಡಿ
ಒಂದೇ ಎಳೆಯಲ್ಲಿ ನೇತಾಡುತ್ತಿತ್ತು.
ಅದನ್ನು ನೋಡಿಕೊಂಡು ನಾನು ಹೇಗೆ ಮುಂದೆ ಹೋಗಲಿ?
ರಜ ಮೆಷಿನ್ನಿಗೆ ತಾನೆ, ಸೂಜಿಗಲ್ಲವಲ್ಲ.
ಸ್ಟೂಲಿನ ಮೇಲೆ ಕೂರಿಸಿ, ಅಲ್ಲೇ, ನೀಲಿಯ ಕೆಳಗೆ,
ನಾಲ್ಕು ಸುತ್ತು ಹಾಕಿ ದಾರ ಹಲ್ಲಲ್ಲಿ ಕಡಿದೆ.
ತಿರುಗಿದರೆ ಏಳೆಂಟು ಜನ ಅರೆವೃತ್ತ ನಿಂತಿದ್ದಾರೆ.
ಜುಟ್ಟಿನ ಹುಡುಗನೊಬ್ಬ ಕೈ ಮುಗಿದು ಕೇಳಿದ:
ಮೇಡಂ, ಮುಂದಿನ ಪ್ರದರ್ಶನ ಎಷ್ಟು ಗಂಟೆಗೆ?

ಜಬೀನಾ ನಕ್ಕದ್ದು ಶಿವಾಜಿನಗರ ಬಂದರೂ ನಿಲ್ಲಲಿಲ್ಲ.
ಅಲ್ಲಿ ಕೆಂಡದ ಹೊಗೆ, ಕಬಾಬಿನ ಕಡ್ಡಿ.
ಸೋಮವಾರ ನಾನು ತಿನ್ನಲ್ಲ, ಅಂದೆ.
ಮಂಗಳವಾರ ಕಣೇ ಇವತ್ತು.
ಹೌದಾ? ಹಾಗಾದರೆ ನಂಗೆರಡು.
ನಿಂಬೆಹಣ್ಣು ಹಿಂಡಿದ ಈರುಳ್ಳಿ, ಸುಡುವ ನಾಲಿಗೆ,
ಅದರ ಮೇಲೊಂದು ಬೈಟು ಟೀ.

ಕೆಲಸದ ಸಾಮಾನು ಕೊಳ್ಳಬಾರದು ಅಂತ ಆಣೆ ಇತ್ತು.
ಚಿಕ್ಕಪೇಟೆಗೆ ಕಾಲಿಟ್ಟ ಮೇಲೆ ಯಾವ ಆಣೆ?
ಗುಂಡಿ, ಲೇಸು, ಕುಚ್ಚು, ಲೈನಿಂಗಿನ ಥಾನು,
ಕೈಗಾಡಿಯವನ ಕೂಗಿಗೆ ಗೋಡೆಗೆ ಅಂಟಿಕೊಂಡು
ದಾರದಂಗಡಿ ಹುಡುಕಿದೆ. ಆ ನೀಲಿ ಬೇಕಿತ್ತು.
ಶೇಠರು ಮೂವತ್ತೊಂದು ನೀಲಿ ತೆಗೆದು ಹರವಿದರು.
ನವಿಲಿನದಲ್ಲ. ಶಾಯಿಯದಲ್ಲ. ಪೊಲೀಸ್ ಜೀಪಿನದೂ ಅಲ್ಲ.
ಯಾವ ಸೀರೆಗಮ್ಮಾ? ಸೀರೆಗಲ್ಲ, ಅಂದೆ.
ಮತ್ತೆ? ಹೇಳಲು ಬರಲಿಲ್ಲ.
ಹತ್ತಿರ ಹತ್ತಿರದ್ದು ಮೂರು ಉಂಡೆ ಕಟ್ಟಿಸಿಕೊಂಡೆ.

ವಾಪಸು ರೈಲಿನಲ್ಲಿ ಸೀತಾಫಲ ಬಿಡಿಸಿ,
ಕರಿ ಬೀಜ ಅಂಗೈಯಲ್ಲೇ ಇಟ್ಟುಕೊಂಡು
ಜಬೀನಾ ವೈಟ್‌ಫೀಲ್ಡಿಗೆ ನಿದ್ದೆ ಹೋದಳು.
ಟ್ಯೂಬ್‌ಲೈಟಿನ ಕೆಳಗೆ ಮೂರೂ ದಾರ ತಿರುಗಿಸಿ ನೋಡಿದೆ.
ಒಂದೂ ಅದಲ್ಲ.
ಬರೆದವರ ಹೆಸರನ್ನಾದರೂ ಓದಿಕೊಂಡು ಬರಬೇಕಿತ್ತು.

ನಾಳೆ ಹದಿನೇಳು ರವಿಕೆ.
ಮರೂನು, ಗಿಳಿಹಸಿರು, ಅರಿಶಿನ, ಮತ್ತೆ ಮರೂನು.
ಒಂದರ ಒಳಮಡಿಕೆಗೆ, ಯಾರ ಕಣ್ಣೂ ಹೋಗದ ಕಡೆ,
ನೀಲಿಯಲ್ಲಿ ನಾಲ್ಕು ಹೆಮ್ಮಿಂಗ್ ಹಾಕಿದರೆ
ಯಾರು ಕೇಳುತ್ತಾರೆ.