ವಿಳಾಸವಿಲ್ಲದವು

ಗೆದ್ದಲು ಕಲ್ಲು ತಿನ್ನುವುದಿಲ್ಲ.
ಚೀಟಿ ತಿನ್ನುತ್ತದೆ.

ಅಶೋಕಪುರಂ ಮನೆಯ ಅಟ್ಟದಲ್ಲಿ
ಚಿಕ್ಕಬೋರಯ್ಯ ಮಾವ ಬಿಟ್ಟುಹೋದದ್ದು
ಮೊಟ್ಟೆಯ ಟ್ರೇ ಎರಡು, ಕಲ್ಲು ನಲವತ್ತೆರಡು.
ಗುಳಿಗೊಂದರಂತೆ ಕೂತಿದ್ದವು,
ಯಾರೋ ಕಾವಿಗೆ ಇಟ್ಟು ಮರೆತ ಹಾಗೆ.
ಅಡಿಯ ಕಾಗದ ಮಾತ್ರ ಜಾಲರಿ.
ಒಂದರಲ್ಲಿ "ಹಳ್ಳಿ" ಅನ್ನುವ ಬಾಲ ಉಳಿದಿತ್ತು,
ಇನ್ನೊಂದರಲ್ಲಿ "ಹಳ್ಳದ ಎಡಕ್ಕೆ",
ಮತ್ತೊಂದರಲ್ಲಿ ತಾರೀಖು. ಬರೀ ತಾರೀಖು.

ಗಂಗೋತ್ರಿಯ ಭೂವಿಜ್ಞಾನದ ಲ್ಯಾಬಿನಲ್ಲಿ
ಗಾಜು ತೊಳೆಯುತ್ತಿದ್ದವನು ಮಾವ.
ಮೇಷ್ಟ್ರುಗಳು ಜೀಪು ಹತ್ತಿ ಗುಡ್ಡಕ್ಕೆ ಹೊರಟರೆ
ಸುತ್ತಿಗೆ ಹೊರುತ್ತಿದ್ದ.
ಅವರು ನಕ್ಷೆ ನೋಡುವಾಗ ಇವನು ನೆಲ ನೋಡುತ್ತಿದ್ದ,
ಅವರು ಬೇಡವೆಂದು ಎಸೆದದ್ದನ್ನು
ಹಳೇ ಬನೀನಿನಲ್ಲಿ ಸುತ್ತಿ ತರುತ್ತಿದ್ದ.
"ಮೊನೆ ಮುರೀಬಾರದು ಕಣವ್ವ,
ಮೂಗು ಹೋದ ದೇವರಿಗೆ ಯಾರು ಹೂ ಹಾಕ್ತಾರೆ?"

ಹೆಸರು ನನಗೂ ಕಲಿಸಿದ್ದ.
ಎತ್ತಿದಾಗ ಅಂದಾಜಿಗಿಂತ ಭಾರ ಬಂದರೆ ಕ್ರೋಮೈಟು.
ನಾಲಿಗೆಗೆ ಅಂಟಿದರೆ ಮ್ಯಾಗ್ನಸೈಟು.
ಆರು ಮೂಲೆಯ ಪುಟ್ಟ ಪೀಪಾಯಿ, ಕುರುವಿಂದ.
ದಾಳಿಂಬೆ ಬೀಜ ಉಗಿದಂತಿದ್ದರೆ ಗಾರ್ನೆಟ್ಟು.
ಹೆಸರು ಸುಲಭ.
"ಊರು ಗೊತ್ತಿಲ್ದಿದ್ರೆ ಅದು ಬರೀ ಕಲ್ಲು" ಅನ್ನುತ್ತಿದ್ದ.

ಮೂವತ್ತೊಂದು ವರ್ಷ ಅಂಚೆ ವಿಂಗಡಿಸಿದ ಕೈ ನನ್ನದು.
ಪಿನ್‌ಕೋಡಿಲ್ಲದ್ದು, ಮಳೆಗೆ ಶಾಯಿ ಇಳಿದದ್ದು,
"ಮಾರಿಗುಡಿ ಹಿಂದಿನ ಮನೆ, ದೊಡ್ಡವ್ವನಿಗೆ" ಎಂದಷ್ಟೇ ಇದ್ದದ್ದು,
ಎಲ್ಲಕ್ಕೂ ಒಂದು ಬಾಗಿಲು ಹುಡುಕಿದವಳು.
ನಿವೃತ್ತಿಯ ಮರುವಾರ
ಚೀಲಕ್ಕೊಂದು ಕಲ್ಲು ಹಾಕಿಕೊಂಡು ಬಸ್ಸು ಹತ್ತಿದೆ.

"ಚೀಲದಲ್ಲೇನಮ್ಮ?"
"ಕಲ್ಲು."
ಲಗೇಜು ಟಿಕೆಟ್ಟು ಹರಿಯಲಿಲ್ಲ ಪುಣ್ಯಾತ್ಮ.
ಪಕ್ಕದ ಸೀಟಿನವಳು ಕೊಂಚ ಸರಿದು ಕೂತಳು.

ಅದು ನೀಲಿ. ಗೇಣುದ್ದದ ಅಲಗು. ಕಯನೈಟು.
ಉದ್ದಕ್ಕೆ ಗೀರಿದರೆ ಸೂಜಿಗೆ ಸೋಲುತ್ತದೆ,
ಅಡ್ಡಕ್ಕೆ ಗೀರಿದರೆ ಸೂಜಿಯೇ ಸೋಲುತ್ತದೆ.
ನಮ್ಮನೆ ಹೆಂಗಸರ ಹಾಗೆ ಎಂದು ಮಾವ ನಗುತ್ತಿದ್ದ.
ಅತ್ತೆ ನಗುತ್ತಿರಲಿಲ್ಲ.

ಚೀಟಿಯಲ್ಲಿ ಉಳಿದದ್ದು: "ಗುಡ್ಡ. ಸೋಪು ೧."

ಮೂರು ಗುಡ್ಡ ಹತ್ತಿ ಇಳಿದೆ, ಮೂರು ಭಾನುವಾರ.
ನಾಲ್ಕನೆಯದು ನಾಗಮಂಗಲದಾಚೆ, ಮಾಚನಗುಡ್ಡ.
ಕೆಳಗೆ ತೊಂಬೆಯ ಪಕ್ಕ ಬಟ್ಟೆ ಒಗೆಯುತ್ತಿದ್ದ ಮುದುಕಿ
ಸೆರಗಿಗೆ ಕೈ ಒರೆಸಿ, ಕಲ್ಲು ತಿರುಗಿಸಿ,
ಅದರ ಮುಕ್ಕಿನೊಳಗೆ ಹೆಬ್ಬೆರಳಿಟ್ಟಳು.
ಬೆರಳು ಸರಿಯಾಗಿ ಕೂತಿತು.

"ನನ್ನ ನವಿಲ್ಗಲ್ಲು!
ಹುಣಸೆಬೀಜ ಜಜ್ತಿದ್ದೆ ಕಣವ್ವ ಇದ್ರಲ್ಲಿ.
ಯಾವನೋ ಸುತ್ಗೆ ಇಡ್ಕಂಡು ಬಂದವ್ನೆ,
ಒಂದು ಸೋಪು ಕೊಟ್ಟು ಇಸ್ಕಂಡ.
ಇದ್ಕೇನಂತಾರೆ ಅಂತ ಕೇಳ್ಕಬಂದು ಯೋಳ್ತೀನಿ ಅಂದ.
ಬರ್ನೇ ಇಲ್ಲ."

ಹೇಳಿದೆ.
ಹಲ್ಲಿಲ್ಲದ ಬಾಯಲ್ಲಿ ಆ ಹೆಸರನ್ನು ಎರಡು ಸಲ ಹೊರಳಿಸಿ
ರುಚಿ ಹತ್ತದೆ ನಕ್ಕಳು.
ಇಟ್ಟುಕೊಳ್ಳಿ, ನಿಮ್ಮದೇ ಅಲ್ಲವೆ, ಎಂದೆ.
"ತಕಂಡೋಗವ್ವ. ಸೋಪು ಕರ್ಗಿ ನಲ್ವತ್ತೊರ್ಸ ಆಯ್ತು."

ರಾತ್ರಿ ಪೆನ್ಸಿಲಿನಲ್ಲಿ ಬರೆದೆ
(ಶಾಯಿಯನ್ನು ನಾನು ನಂಬುವುದಿಲ್ಲ):
ನವಿಲ್ಗಲ್ಲು. ಶಾಲೆಯ ಹೆಸರು ಕಯನೈಟು.
ಮಾಚನಗುಡ್ಡದ ಬುಡ, ತೊಂಬೆಯಿಂದ ಮೂಡಲಿಗೆ.
ಸಿಕ್ಕಿದ್ದು ಕೆಂಪನಂಜಮ್ಮನಿಗೆ.
ತಂದದ್ದು ಚಿಕ್ಕಬೋರಯ್ಯ, ಸೋಪು ಒಂದಕ್ಕೆ.
ಮುಕ್ಕು ಹುಣಸೆಬೀಜದ್ದು.

ಟ್ರೇಯ ಮೂಲೆಗಳಿಗೆ ನುಸಿಗುಳಿಗೆ ಇಟ್ಟೆ.
ಇನ್ನು ನಲವತ್ತೊಂದು.
ಬರೀ ತಾರೀಖಿದೆಯಲ್ಲ, ಅದೊಂದನ್ನು
ಬೆರಳು ಮಡಿಸಿ ಹಿಂದಕ್ಕೆ ಎಣಿಸಿದೆ. ಭಾನುವಾರ ಬಂತು.
ಜೀಪು ಹೊರಡುವ ದಿನವಲ್ಲ.

ಒಬ್ಬನೇ ಹೋಗಿದ್ದಾನೆ ಹಾಗಾದರೆ.
ಅವನ ಸೈಕಲ್ಲು,
ಹಿಂದಿನ ಚಕ್ರಕ್ಕೆ ಬ್ರೇಕೇ ಇಲ್ಲದ್ದು,
ಬೆಳಗಿಂದ ಸಂಜೆಯೊಳಗೆ
ಎಷ್ಟು ದೂರ ಹೋಗಿ ಬಂದೀತು?